ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ: ‘ಕ್ರೋನೊ ಟ್ರಿಗರ್’ ಗೆದ್ದದ್ದೆಲ್ಲಿ, ಸೋತದ್ದೆಲ್ಲಿ?

ಹಳೆಯ ಕನ್ಸೋಲ್ ಆಟಗಳ ಬಗ್ಗೆ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ‘ಕ್ರೋನೊ ಟ್ರಿಗರ್’ ಎಂಬ ಒಂದೇ ಆಟದ ಸುತ್ತ ಇದ್ದುದರಿಂದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ. ಉತ್ತರಗಳಲ್ಲಿ ಕಥೆಯ ಮುಖ್ಯ ತಿರುವುಗಳೆಲ್ಲ ಬಯಲಾಗುತ್ತವೆ. ಇನ್ನೂ ಆಡದವರು ಯಾವ ಆವೃತ್ತಿ ಒಳ್ಳೆಯದು ಎಂಬ ಪ್ರಶ್ನೆಯನ್ನಷ್ಟೇ ಓದಿಕೊಂಡು, ಉಳಿದದ್ದನ್ನು ಆಟ ಮುಗಿದ ಮೇಲೆ ಓದುವುದು ಒಳ್ಳೆಯದು.

ಪ್ರಶ್ನೆ: ಮಾನ್ಯರೇ, ಶ್ರೇಷ್ಠ ರೋಲ್ ಪ್ಲೇಯಿಂಗ್ ಆಟಗಳ ಪಟ್ಟಿ ಎಲ್ಲೇ ಬರಲಿ, ‘ಕ್ರೋನೊ ಟ್ರಿಗರ್’ ಅದರ ಮೇಲ್ತುದಿಯಲ್ಲಿರುತ್ತದೆ. ಆ ಹೆಸರು ಕೇಳಿ ಮೊದಲ ಬಾರಿಗೆ ಆಡಲು ಕುಳಿತವನು ಈಗ ಅರ್ಧ ದಾರಿಗೆ ಬಂದಿದ್ದೇನೆ. ಆಟ ಚುರುಕಾಗಿದೆ, ಸಂಗೀತ ಸೊಗಸಾಗಿದೆ, ಒಪ್ಪುತ್ತೇನೆ. ಆದರೆ ಕಾಲದಲ್ಲಿ ಹಿಂದೆ ಮುಂದೆ ಓಡಾಡುವುದು ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗಿಬಂದಷ್ಟೇ ಸಪ್ಪೆಯಾಗಿ ಕಾಣುತ್ತಿದೆ. ಕಥೆ ತೋರಿಸಿದ ಕಡೆಗೆ ನಡೆಯುವುದನ್ನು ಬಿಟ್ಟರೆ ನನಗೆ ಬೇರೆ ಕೆಲಸವೇ ಇಲ್ಲ. ಜನರ ಹೊಗಳಿಕೆ ಬಾಲ್ಯದ ನೆನಪಿನ ಮೋಹವೋ, ಇಲ್ಲ ನನ್ನ ಕಣ್ಣಿಗೆ ಬೀಳದ ಗುಣವೇನಾದರೂ ಇದೆಯೋ?

ಉತ್ತರ: ನೀವು ಕಂಡ ದೋಷ ನಿಜವಾದದ್ದೇ. ಮೆಚ್ಚುವವರು ಹೇಳುವ ಗುಣವೂ ನಿಜವಾದದ್ದೇ. ಆದರೆ ಅದರ ಬಹುಪಾಲು ನೀವು ಇನ್ನೂ ತಲುಪದ ಭಾಗದಲ್ಲಿದೆ, ಮತ್ತು ಈ ಆಟದ ಮೇಲೆ ನನಗಿರುವ ಅತಿ ದೊಡ್ಡ ಆಕ್ಷೇಪಣೆಯೂ ಅದೇ.

ಆರಂಭವನ್ನು ಒಮ್ಮೆ ನೆನಪಿಸಿಕೊಳ್ಳಿ. ಕ್ರಿ.ಶ. 1000ರಲ್ಲಿ ಗಾರ್ಡಿಯಾ ರಾಜ್ಯದ ಸಾವಿರ ವರ್ಷದ ಜಾತ್ರೆಯಲ್ಲಿ ನಾಯಕ ಕ್ರೋನೊ ಮಾರ್ಲ್ ಎಂಬ ಹುಡುಗಿಗೆ ಡಿಕ್ಕಿ ಹೊಡೆಯುತ್ತಾನೆ, ಅವಳ ಪದಕ ನೆಲಕ್ಕೆ ಬೀಳುತ್ತದೆ. ನೀವು ಮೊದಲು ಅವಳನ್ನು ವಿಚಾರಿಸಿದಿರೋ ಅಥವಾ ಪದಕವನ್ನು ಎತ್ತಿಕೊಂಡಿರೋ, ಕಳೆದುಹೋದ ಬೆಕ್ಕನ್ನು ಪುಟ್ಟ ಹುಡುಗಿಗೆ ಮುಟ್ಟಿಸಿದಿರೋ ಇಲ್ಲವೋ, ಮುದುಕನೊಬ್ಬ ಮೇಜಿನ ಮೇಲೆ ಇಟ್ಟಿದ್ದ ಊಟವನ್ನು ಕದ್ದು ತಿಂದಿರೋ ಎಂಬುದನ್ನೆಲ್ಲ ಆಟ ಸದ್ದಿಲ್ಲದೆ ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ರಾಜಕುಮಾರಿಯೇ ಆಗಿದ್ದ ಮಾರ್ಲ್‌ಳನ್ನು ಅಪಹರಿಸಿದ ಆರೋಪ ಹೊತ್ತು ಕ್ರೋನೊ ನ್ಯಾಯಾಲಯದಲ್ಲಿ ನಿಂತಾಗ ಅದೇ ಕೃತ್ಯಗಳು ಸಾಕ್ಷ್ಯವಾಗಿ ಎದುರು ಬರುತ್ತವೆ. ಅಪರಿಚಿತರ ಮನೆಗೆ ನುಗ್ಗಿ ಪೆಟ್ಟಿಗೆ ತೆರೆದು ಸಿಕ್ಕಿದ್ದನ್ನು ಬಾಚಿಕೊಳ್ಳುವುದೇ ನಾಯಕನ ಜನ್ಮಸಿದ್ಧ ಹಕ್ಕು ಎಂದು ಈ ಬಗೆಯ ಆಟಗಳು ನಮಗೆ ಅಭ್ಯಾಸ ಮಾಡಿಸಿದ್ದ ಕಾಲದಲ್ಲಿ, ಆ ಅಭ್ಯಾಸವನ್ನೇ ಕಟಕಟೆಗೆ ಹತ್ತಿಸಿದ್ದು ಸಣ್ಣ ಸಾಹಸವಲ್ಲ.

ಆದರೆ ನ್ಯಾಯದರ್ಶಿಗಳು ದೋಷಿಯೆಂದರೂ ನಿರ್ದೋಷಿಯೆಂದರೂ ಕ್ರೋನೊ ಸೆರೆಮನೆಗೇ ಹೋಗುತ್ತಾನೆ. ಮಾಡಿದ ಪ್ರತಿ ಸಣ್ಣ ಕೆಲಸಕ್ಕೂ ಲೆಕ್ಕ ಉಂಟು ಎಂದು ತೋರಿಸಿಕೊಟ್ಟ ಆಟ, ಆ ಲೆಕ್ಕದಿಂದ ಕಥೆ ಕದಲುವುದಿಲ್ಲ ಎಂಬುದನ್ನೂ ಅಲ್ಲೇ ಹೇಳಿಬಿಡುತ್ತದೆ. ಅಲ್ಲಿಂದ ಮುಂದೆ ನಿಮ್ಮ ದೂರು ಅಕ್ಷರಶಃ ಅನ್ವಯಿಸುತ್ತದೆ. ಕ್ರಿ.ಶ. 2300ರ ಪಾಳುಬಿದ್ದ ಲೋಕಕ್ಕೆ ಹೋಗಿ, 1999ರಲ್ಲಿ ಲಾವೋಸ್ ಎಂಬ ಜೀವಿ ನೆಲ ಸೀಳಿ ಮೇಲೆದ್ದು ಎಲ್ಲವನ್ನೂ ನಾಶಮಾಡಿದ ದೃಶ್ಯವನ್ನು ಹಳೆಯ ದಾಖಲೆಯಲ್ಲಿ ನೋಡುತ್ತೇವೆ. ಮುರಿದ ಖಡ್ಗವನ್ನು ಸರಿಪಡಿಸಲು ಬೇಕಾದ ಕಲ್ಲಿಗಾಗಿ ಆರೂವರೆ ಕೋಟಿ ವರ್ಷ ಹಿಂದಕ್ಕೆ ಹೋಗುತ್ತೇವೆ. ಕಲ್ಲು ಸಿಕ್ಕ ಮೇಲೆ ಖಡ್ಗದ ಕೆಲಸ ಮುಗಿಸಿ, ಮೇಗಸ್ ಎಂಬ ಮಾಂತ್ರಿಕನನ್ನು ಎದುರಿಸಲು ಕ್ರಿ.ಶ. 600ಕ್ಕೆ ಮರಳುತ್ತೇವೆ. ಒಂದೊಂದು ಯುಗಕ್ಕೂ ಅದರದೇ ಬಣ್ಣ, ಅದರದೇ ಸಂಗೀತ, ಅದರದೇ ವೈರಿಗಳು ಇವೆ ಎಂಬುದು ನಿಜ. ಆದರೂ ಒಂದರಲ್ಲಿ ನಾವು ಮಾಡಿದ್ದು ಇನ್ನೊಂದರಲ್ಲಿ ಬೆಳೆದು ನಿಲ್ಲುವುದು ತೀರ ಅಪರೂಪ. ಕಾಲಯಾನವೆಂಬುದು ಈ ಭಾಗದಲ್ಲಿ ಹೆಚ್ಚಾಗಿ ದೃಶ್ಯ ಬದಲಾಯಿಸುವ ಉಪಾಯವಷ್ಟೇ.

ಕ್ರಿ.ಪೂ. 12,000ದ ಅಧ್ಯಾಯದಿಂದ ಹದ ಬದಲಾಗುತ್ತದೆ. ಕೆಳಗೆ ಹಿಮಯುಗದ ಬಿಳಿ ಬಯಲು, ಮಂತ್ರಶಕ್ತಿಯಿಲ್ಲದವರು ಗುಹೆಗಳಲ್ಲಿ ಬದುಕುವ ನೆಲ. ಮೋಡಗಳ ಮೇಲೆ ತೇಲುವ ಝೀಲ್ ಸಾಮ್ರಾಜ್ಯ, ಅದರ ವೈಭವಕ್ಕೆ ಲಾವೋಸ್‌ನ ಶಕ್ತಿಯನ್ನೇ ಹೀರಿಕೊಳ್ಳಲು ಹೊರಟ ರಾಣಿ. ಬೇರೆ ಬೇರೆ ಯುಗಗಳಲ್ಲಿ ಬಿಡಿಬಿಡಿಯಾಗಿ ಕಂಡಿದ್ದ ಪಾತ್ರಗಳಿಗೂ ವಸ್ತುಗಳಿಗೂ ಬೇರು ಎಲ್ಲಿದೆಯೆಂಬುದು ಇಲ್ಲಿ ತಿಳಿಯುತ್ತದೆ. ಯಾಸುನೊರಿ ಮಿತ್ಸುದಾ ಅವರಿಗೆ ಈ ಆಟ ಸಂಗೀತ ಸಂಯೋಜಕರಾಗಿ ಮೊದಲ ದೊಡ್ಡ ಕೆಲಸ. ದುಡಿದು ದುಡಿದು ಹೊಟ್ಟೆಹುಣ್ಣಿನಿಂದ ಹಾಸಿಗೆ ಹಿಡಿದಾಗ ಉಳಿದ ಕೆಲವು ಸಂಯೋಜನೆಗಳನ್ನು ಹಿರಿಯರಾದ ನೊಬುವೊ ಉಎಮಾತ್ಸು ಪೂರೈಸಿಕೊಟ್ಟರು. ಝೀಲ್‌ಗಾಗಿ ಮಿತ್ಸುದಾ ಕಟ್ಟಿದ ಸಂಗೀತವನ್ನು ಕೇಳಿದ ಮೇಲೂ ಸಂಗೀತ ‘ಸೊಗಸಾಗಿದೆ’ ಎಂಬ ಒಂದೇ ಮಾತಿಗೆ ನೀವು ನಿಲ್ಲುವುದಿಲ್ಲವೆಂದು ನನ್ನ ನಂಬಿಕೆ. ಈ ಅಧ್ಯಾಯದ ಕೊನೆಗೆ ಲಾವೋಸ್‌ನ ಎದುರು ಕ್ರೋನೊ ಸಾಯುತ್ತಾನೆ. ಅವನನ್ನು ಮರಳಿ ಪಡೆಯುವ ದಾರಿ ಉಂಟು, ಆದರೆ ಅದು ಕಡ್ಡಾಯವಲ್ಲ. ನಾಯಕನಿಲ್ಲದೆಯೇ ಆಟವನ್ನು ಮುಗಿಸಬಹುದು.

ಅಲ್ಲಿಂದಾಚೆಗಿನದೇ ನಾನು ಹೇಳುವ ಆ ಕೊನೆಯ ಭಾಗ. ಕಾಲನೌಕೆ ಕೈಗೆ ಬಂದಿರುತ್ತದೆ, ಎಲ್ಲಿಗೆ ಹೋಗಬೇಕೆಂದು ಯಾರೂ ಕಟ್ಟಪ್ಪಣೆ ಮಾಡುವುದಿಲ್ಲ, ಕಾಲದ ಅಂಚಿನಲ್ಲಿ ಕುಳಿತ ಮುದುಕ ಕೆಲವು ಸುಳಿವುಗಳನ್ನಷ್ಟೇ ಕೊಡುತ್ತಾನೆ. 600ರಲ್ಲಿ ಮರುಭೂಮಿಯ ಪಕ್ಕ ಕಾಡು ಬೆಳೆಸಲು ಹೆಣಗುವ ಹೆಂಗಸೊಬ್ಬಳಿಗೆ ನೆರವಾಗಲು ತಂಡದ ಯಂತ್ರಮಾನವ ರೋಬೋವನ್ನು ಅಲ್ಲೇ ಬಿಟ್ಟು ನೀವು 1000ಕ್ಕೆ ಹಾರುತ್ತೀರಿ. ನಿಮಗದು ಕ್ಷಣಮಾತ್ರದ ಪಯಣ, ಅವನಿಗೆ ನಾನೂರು ವರ್ಷಗಳ ದುಡಿಮೆ. ಮರಳು ಇದ್ದಲ್ಲಿ ಕಾಡು ನಿಂತಿರುತ್ತದೆ, ರೋಬೋ ಸವೆದು ಸ್ತಬ್ಧವಾಗಿ ಸಿಗುತ್ತಾನೆ. ಅದೇ ರಾತ್ರಿ ಕ್ರೋನೊನ ಗೆಳತಿ ಲೂಕಾಳಿಗೆ ತನ್ನ ತಾಯಿ ಯಂತ್ರವೊಂದಕ್ಕೆ ಸಿಕ್ಕಿ ಕಾಲುಗಳ ಶಕ್ತಿ ಕಳೆದುಕೊಂಡ ದಿನಕ್ಕೆ ಹೋಗುವ ದಾರಿಯೊಂದು ತೆರೆಯುತ್ತದೆ. ತಾಯಿಯ ಹೆಸರಿನ ನಾಲ್ಕು ಅಕ್ಷರಗಳನ್ನು ಕನ್ಸೋಲಿನ ಗುಂಡಿಗಳಲ್ಲಿ ಸರಿಯಾದ ಹೊತ್ತಿಗೆ ಒತ್ತಿದರೆ ಯಂತ್ರ ನಿಲ್ಲುತ್ತದೆ, ತಡಮಾಡಿದರೆ ಇಲ್ಲ. ಇನ್ನೊಂದು ಕಡೆ, 9,900 ಜಿ (ಆಟದೊಳಗಿನ ಹಣ) ಕೊಟ್ಟು ತಂದ ಒಣಮಾಂಸಕ್ಕೆ 600ರ ಹೆಂಗಸೊಬ್ಬಳು 10,000 ಜಿ ಕೊಡುತ್ತೇನೆ ಎನ್ನುತ್ತಾಳೆ. ಆ ಪುಡಿಲಾಭವನ್ನು ಬಿಟ್ಟು ಸುಮ್ಮನೆ ಕೊಟ್ಟರೆ ನಾನೂರು ವರ್ಷಗಳ ನಂತರ ಅವಳ ವಂಶದ ಜಿಪುಣ ಮೇಯರ್ ಉದಾರಿಯಾಗಿ ಬದಲಾಗಿರುತ್ತಾನೆ. ಜಾತ್ರೆಯಲ್ಲಿ ಕೊಟ್ಟ ಮಾತನ್ನು ಆಟ ಇಲ್ಲಿ ಉಳಿಸಿಕೊಳ್ಳುತ್ತದೆ. ಇಷ್ಟು ತಡವಾಗಿ ಯಾಕೆ ಎಂಬ ನಿಮ್ಮ ಅಸಮಾಧಾನವನ್ನು ನಾನು ತಳ್ಳಿಹಾಕಲಾರೆ; ಆದರೆ ಅಲ್ಲಿಯವರೆಗೆ ಆಡದೆ ಕೆಳಗಿಡಬೇಡಿ.

ಪ್ರಶ್ನೆ: ಇದರ ಹೋರಾಟದ ವ್ಯವಸ್ಥೆಯನ್ನು ಕೆಲವರು ಮಾದರಿ ಎನ್ನುತ್ತಾರೆ, ಕೆಲವರು ಮಕ್ಕಳಾಟ ಎನ್ನುತ್ತಾರೆ. ಯಾರ ಮಾತು ಸರಿ?

ಉತ್ತರ: ವ್ಯವಸ್ಥೆಯನ್ನು ಕಟ್ಟಿದ ರೀತಿ ಮಾದರಿಯೇ, ಅದಕ್ಕೆ ಒಡ್ಡಿದ ಸವಾಲು ಮಾತ್ರ ಮಕ್ಕಳಾಟ.

ಇದು ‘ಫೈನಲ್ ಫ್ಯಾಂಟಸಿ’ಯ ಹಿರೊನೊಬು ಸಕಾಗುಚಿ, ‘ಡ್ರಾಗನ್ ಕ್ವೆಸ್ಟ್’ನ ಯೂಜಿ ಹೊರಿ ಮತ್ತು ಚಿತ್ರಕಾರ ಅಕಿರಾ ತೊರಿಯಾಮಾ ಒಟ್ಟಾಗಿ ಕೈಹಾಕಿದ ಆಟ, ಸ್ಕ್ವೇರ್ ಕಂಪನಿ ಇದನ್ನು 1995ರ ಮಾರ್ಚ್ 11ರಂದು ಜಪಾನಿನಲ್ಲಿ ಸೂಪರ್ ಫ್ಯಾಮಿಕಾಮ್ ಕನ್ಸೋಲ್‌ಗಾಗಿ ಬಿಡುಗಡೆ ಮಾಡಿತು. ಆ ಎರಡು ಸರಣಿಗಳನ್ನು ಆಡಿದವರಿಗೆ, ನಾಲ್ಕು ಹೆಜ್ಜೆ ನಡೆಯುವುದರೊಳಗೆ ಪರದೆ ಸುತ್ತಿಕೊಂಡು ಕಾಣದ ವೈರಿಯೊಂದು ಎದುರಾಗುವ ಕಿರಿಕಿರಿ ಎಂಥದೆಂದು ಗೊತ್ತು. ‘ಕ್ರೋನೊ ಟ್ರಿಗರ್’ ಅದನ್ನು ಕಿತ್ತುಹಾಕಿತು. ವೈರಿಗಳು ನೀವು ನಡೆಯುವ ಜಾಗದಲ್ಲೇ ಕಾಣಿಸುತ್ತಾರೆ, ಹೋರಾಟ ಅದೇ ನೆಲದ ಮೇಲೆ ನಡೆಯುತ್ತದೆ, ಮುಗಿದ ಕೂಡಲೇ ನಡಿಗೆ ಮುಂದುವರಿಯುತ್ತದೆ. ಎಲ್ಲ ಹೋರಾಟಗಳನ್ನೂ ತಪ್ಪಿಸಿಕೊಳ್ಳಬಹುದು ಎಂಬ ಪ್ರಚಾರ ಮಾತ್ರ ಸುಳ್ಳು. ಎಷ್ಟೋ ಕಡೆ ದಾರಿಗೆ ಅಡ್ಡಲಾಗಿ ಹೊಂಚು ಹಾಕಿದವರು ಹಾರಿ ಬಂದೇ ಬರುತ್ತಾರೆ.

ಎರಡನೆಯ ಗುಣ ಜಂಟಿ ವಿದ್ಯೆಗಳು. ಇಬ್ಬರ ಸರದಿಯೂ ಬರುವವರೆಗೆ ತಡೆದರೆ ಅವರ ಬಿಡಿ ವಿದ್ಯೆಗಳು ಸೇರಿ ಹೊಸದೊಂದು ಹುಟ್ಟುತ್ತದೆ: ಕ್ರೋನೊ ಬೀಸುವ ಕತ್ತಿಗೆ ಲೂಕಾಳ ಬೆಂಕಿ ಸೇರಬಹುದು, ಮಾರ್ಲ್‌ಳ ಒಬ್ಬರನ್ನಷ್ಟೇ ಗುಣಪಡಿಸುವ ಶಕ್ತಿ ಕ್ರೋನೊ ಗಿರ್ರನೆ ಸುತ್ತುವ ವಿದ್ಯೆಯೊಂದಿಗೆ ಸೇರಿ ತಂಡದ ಮೂವರನ್ನೂ ಗುಣಪಡಿಸಬಹುದು. ತಂಡದಲ್ಲಿ ಯಾರಿರಬೇಕು ಎಂಬ ಪ್ರಶ್ನೆಗೆ ಬಲಾಬಲದ ಅಂಕಿಗಳಿಗಿಂತ ಈ ಜೋಡಿಗಳೇ ಉತ್ತರ ಕೊಡುತ್ತವೆ.

ದೌರ್ಬಲ್ಯಗಳಲ್ಲಿ ನನಗೆ ಹೆಚ್ಚು ಬೇಸರ ತರಿಸುವುದು ಒಂದು ಅರೆಬರೆ ಯೋಚನೆ. ಕೆಲವು ವಿದ್ಯೆಗಳು ನೇರ ಸಾಲಿನಲ್ಲಿ ನಿಂತ ವೈರಿಗಳಿಗೆ, ಕೆಲವು ವೃತ್ತದೊಳಗೆ ಸಿಕ್ಕವರಿಗೆ ತಗಲುತ್ತವೆ. ಅಂದರೆ ಯಾರು ಎಲ್ಲಿ ನಿಂತಿದ್ದಾರೆಂಬುದಕ್ಕೆ ಬೆಲೆಯಿದೆ. ಆದರೆ ನಿಮ್ಮವರನ್ನು ಸರಿಸಿ ನಿಲ್ಲಿಸುವ ಅವಕಾಶವೇ ಇಲ್ಲ. ವೈರಿಗಳು ತಮ್ಮ ಪಾಡಿಗೆ ಅಲೆಯುತ್ತಿರುತ್ತಾರೆ, ಅವರು ತಾವಾಗಿ ಸಾಲಾಗಿ ಬರಲಿ ಎಂದು ಕಾಯುವುದೇ ನಿಮ್ಮ ಜಾಣತನ. ಇನ್ನು ಪ್ರತಿಯೊಬ್ಬರ ಎಂಟು ವಿದ್ಯೆಗಳೂ ನಿಗದಿತ ಕ್ರಮದಲ್ಲೇ ಬರುತ್ತವೆ, ಆಯುಧಗಳಲ್ಲಿ ಹೊಸದು ಬಂದರೆ ಹಳೆಯದು ಕಸ, ಒಬ್ಬ ಆಟಗಾರನ ಮಾರ್ಲ್ ಇನ್ನೊಬ್ಬನ ಮಾರ್ಲ್‌ಗಿಂತ ಬೇರೆಯಾಗಲು ಹೆಚ್ಚು ಆಸ್ಪದವಿಲ್ಲ. ಬಾಸ್‌ಗಳಲ್ಲಿ, ಅಂದರೆ ಪ್ರಮುಖ ವೈರಿಗಳಲ್ಲಿ, ಕೆಲವರಿಗೆ ಮಾತ್ರ ನಿಜವಾದ ಉಪಾಯ ಬೇಕು: ಡೈನೋಸಾರ್‌ಗಳ ಯುಗದ ನಿಜ್ಬೆಲ್‌ಗೆ ಮೊದಲು ಮಿಂಚು ತಾಗಿಸದಿದ್ದರೆ ಕತ್ತಿ ಹತ್ತುವುದಿಲ್ಲ, ಮೇಗಸ್ ತನ್ನ ರಕ್ಷಣೆಯನ್ನು ಬದಲಿಸುತ್ತ ಹೋಗುವುದರಿಂದ ಆಯಾ ಹೊತ್ತಿಗೆ ತಕ್ಕ ಮಂತ್ರವನ್ನೇ ಪ್ರಯೋಗಿಸಬೇಕು. ಉಳಿದ ಬಹುತೇಕ ಹೋರಾಟಗಳಿಗೆ ಇಷ್ಟು ಯೋಚನೆ ಬೇಡ.

ಲೆವೆಲ್ ಏರಿಸಲು ಗಂಟೆಗಟ್ಟಲೆ ಅಲೆಯಬೇಕಾಗಿಲ್ಲ ಎಂಬ ಸುಖಕ್ಕೂ ಈ ಸುಲಭತನಕ್ಕೂ ಮೂಲ ಒಂದೇ. ಕಥೆಯ ಓಟ ಎಲ್ಲೂ ತಡೆಯಬಾರದೆಂದು ತಯಾರಕರು ಪಟ್ಟು ಹಿಡಿದರು. ಬೆಲೆ ತೆತ್ತದ್ದು ಹೋರಾಟ. ಸವಾಲು ಬೇಕೆನ್ನುವವರು ಸೆಟ್ಟಿಂಗ್‌ನಲ್ಲಿ, ಮೆನು ತೆರೆದಾಗಲೂ ಕಾಲ ನಿಲ್ಲದ ಆಕ್ಟಿವ್ ವಿಧಾನವನ್ನು ಆರಿಸಿ ಹೋರಾಟದ ವೇಗವನ್ನೂ ಹೆಚ್ಚಿಸಿಕೊಳ್ಳಬಹುದು. ಆಟ ಕಠಿಣವಾಗುವುದಿಲ್ಲ, ಆಲಸ್ಯಕ್ಕಂತೂ ಎಡೆಯಿರುವುದಿಲ್ಲ.

ಪ್ರಶ್ನೆ: ಪೂರ್ವಜೆಯಾದ ರಾಣಿಗೆ ಅಪಾಯ ಒದಗಿತೆಂದು ಮಾರ್ಲ್ ಕಣ್ಣೆದುರೇ ಮಾಯವಾಗುತ್ತಾಳೆ. ಆದರೆ ಆಮೇಲೆ ಇತಿಹಾಸವನ್ನು ಎಷ್ಟೆಲ್ಲ ತಿದ್ದಿದರೂ ಯಾರಿಗೂ ಏನೂ ಆಗುವುದಿಲ್ಲ. ಕಾಲಯಾನದ ಕಥೆಯಲ್ಲಿ ಇಂಥ ತರ್ಕದೋಷವನ್ನು ಕ್ಷಮಿಸಬಹುದೇ?

ಉತ್ತರ: ಒಂದೇ ಸೂತ್ರಕ್ಕೆ ಕಟ್ಟುಬಿದ್ದ ಕಾಲತರ್ಕ ಈ ಆಟದಲ್ಲಿ ಇಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳೋಣ. ಮಾರ್ಲ್ ಮಾಯವಾದದ್ದು ಸರಿಯಾದರೆ, ಪಾಳುಬಿದ್ದ ಭವಿಷ್ಯದಿಂದ ಬಂದ ರೋಬೋ ಆ ಭವಿಷ್ಯವನ್ನೇ ಅಳಿಸಹೊರಟಾಗ ತನ್ನ ಗತಿಯೇನೆಂದು ಹೆಜ್ಜೆಹೆಜ್ಜೆಗೂ ಕೇಳಿಕೊಳ್ಳಬೇಕಿತ್ತು.

ಹಾಗಿದ್ದೂ ಆಡುವವನ ಅನುಭವಕ್ಕೆ ಬರುವ ಒಂದು ನಿಯಮವಿದೆ. ಎಲ್ಲ ಯುಗಗಳ ಗಡಿಯಾರಗಳೂ ನಿಮ್ಮ ಗಡಿಯಾರದ ಜೊತೆಯಲ್ಲೇ ಓಡುತ್ತವೆ. 600ರಿಂದ ಹೊರಟು ಬೇರೆಡೆ ಸುತ್ತಿ ಮರಳಿದರೆ ಅಲ್ಲೂ ಅಷ್ಟು ಹೊತ್ತು ಕಳೆದಿರುತ್ತದೆ. ಹಿಂದಿನ ವಾರಕ್ಕೆ ಹೋಗಿ ತಪ್ಪು ತಿದ್ದಿಕೊಳ್ಳುವ ಸೌಲಭ್ಯ ಇಲ್ಲ. ಈ ನಿಯಮ ಸಡಿಲವಾಗುವ ಮುಖ್ಯ ಸಂದರ್ಭಗಳು ಎರಡು: ಕ್ರೋನೊ ಸತ್ತ ಕ್ಷಣಕ್ಕೆ ಮರಳಿ, ಸ್ತಬ್ಧವಾಗಿ ನಿಂತ ಕಾಲದಲ್ಲಿ ಅವನ ಜಾಗಕ್ಕೆ ಗೊಂಬೆಯೊಂದನ್ನು ಇಟ್ಟು ಬರುವುದು, ಮತ್ತು ಲೂಕಾ ತನ್ನ ತಾಯಿಯ ಅಪಘಾತದ ದಿನಕ್ಕೆ ಹೋಗುವುದು. ಎರಡೂ ತೀರದ ದುಃಖದ ಜಾಗಗಳು. ತರ್ಕವನ್ನು ಎಲ್ಲಿ ಮುರಿಯಬೇಕೆಂಬುದನ್ನು ಬರೆದವರು ಅರಿತೇ ಮುರಿದಿದ್ದಾರೆಂದು ನನಗೆ ತೋರುವುದರಿಂದ ಇವನ್ನು ಕ್ಷಮಿಸುತ್ತೇನೆ.

ಕ್ಷಮಿಸಲಾಗದ್ದು ಆ ಮುದ್ರೆಯೊತ್ತಿದ ಪೆಟ್ಟಿಗೆಗಳ ಪ್ರಕರಣ. ಅವುಗಳಲ್ಲಿ ಕೆಲವನ್ನು 600ರಲ್ಲಿ ಮಾರ್ಲ್‌ಳ ಪದಕದಿಂದ ತಟ್ಟಿ, ಒಳಗಿನ ವಸ್ತುವನ್ನು ತೆಗೆದುಕೊಳ್ಳದೆ ಬಿಟ್ಟರೆ, 1000ದ ಹೊತ್ತಿಗೆ ಅದು ಇನ್ನಷ್ಟು ಬಲಿತಿರುತ್ತದೆ. ಇಲ್ಲಿಯವರೆಗೆ ಸೊಗಸು. ಆದರೆ 1000ದಲ್ಲಿ ಅದನ್ನು ತೆಗೆದುಕೊಂಡು, ಮತ್ತೆ 600ಕ್ಕೆ ಹೋಗಿ ಮೂಲ ವಸ್ತುವನ್ನೂ ಬಾಚಿಕೊಳ್ಳಬಹುದು. ಎರಡೂ ನಿಮ್ಮ ಚೀಲದಲ್ಲೇ ಉಳಿಯುತ್ತವೆ. ದುರಾಸೆಯ ಮುಂದೆ ಕಾರ್ಯಕಾರಣ ಸಂಬಂಧವೇ ಸೋತ ಇಂಥ ಉದಾಹರಣೆ ಬೇರೆಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ನೀವು ಹಾಗೆ ಮಾಡಬೇಡಿ ಎಂದು ಹೇಳುವಷ್ಟು ಸಜ್ಜನ ನಾನಲ್ಲ.

ಪ್ರಶ್ನೆ: ಈಗ ಆಡುವುದಾದರೆ ಯಾವ ಆವೃತ್ತಿ ಒಳ್ಳೆಯದು?

ಉತ್ತರ: 2008ರ ನಿಂಟೆಂಡೊ ಡಿಎಸ್ ಆವೃತ್ತಿ ಎಲ್ಲಕ್ಕಿಂತ ಹದವಾದದ್ದು, ಅದರಲ್ಲಿ ಸೇರಿಸಿದ ಹೊಸ ಪ್ರದೇಶಗಳಲ್ಲಿ ‘ಲಾಸ್ಟ್ ಸ್ಯಾಂಕ್ಟಮ್’ ಎಂಬುದು ಬೆಟ್ಟ ಹತ್ತಿ ಇಳಿಸಿ ಸುಸ್ತು ಮಾಡುವುದನ್ನು ಬಿಟ್ಟು ಏನನ್ನೂ ಕೊಡುವುದಿಲ್ಲವಾದ್ದರಿಂದ ಧಾರಾಳವಾಗಿ ಬಿಟ್ಟುಬಿಡಿ. ಪ್ಲೇಸ್ಟೇಷನ್ ಆವೃತ್ತಿಯಲ್ಲಿ ಆನಿಮೇಷನ್ ದೃಶ್ಯಗಳಿವೆ, ಆದರೆ ಮೆನು ತೆರೆದಾಗ, ಹೋರಾಟ ಶುರುವಾಗುವಾಗಲೆಲ್ಲ ಲೋಡಿಂಗ್‌ಗಾಗಿ ಕಾಯಬೇಕು. ಓಟವೇ ಜೀವಾಳವಾದ ಆಟಕ್ಕೆ ಇದು ದೊಡ್ಡ ಪೆಟ್ಟು. ಕಂಪ್ಯೂಟರ್‌ಗಾಗಿ 2018ರಲ್ಲಿ ಬಂದದ್ದು ಮೊದಲಿಗೆ ಮೊಬೈಲ್ ಆಟದ ಅವಸರದ ಪಡಿಯಚ್ಚಾಗಿತ್ತು. ಟೀಕೆಗಳ ನಂತರ ಬಂದ ಅಪ್‌ಡೇಟ್‌ಗಳು ಅದನ್ನು ಬಹಳ ಮಟ್ಟಿಗೆ ಸರಿಪಡಿಸಿವೆ, ಈಗ ಅದನ್ನು ಆಡಲು ಅಡ್ಡಿಯಿಲ್ಲ.

ಪ್ರಶ್ನೆ: ನಾಯಕ ಕ್ರೋನೊ ತುಟಿ ಬಿಚ್ಚುವುದೇ ಇಲ್ಲ. ಎಲ್ಲರೂ ಅವನ ಗುಣಗಾನ ಮಾಡುತ್ತಾರೆ, ನನಗೆ ಮಾತ್ರ ಅವನ ಪರಿಚಯವೇ ಆಗಲಿಲ್ಲ. ಇದು ದೋಷವಲ್ಲವೇ?

ಉತ್ತರ: ಮೂಕ ನಾಯಕ ‘ಡ್ರಾಗನ್ ಕ್ವೆಸ್ಟ್’ನಿಂದ ಬಂದ ಪದ್ಧತಿ; ಆ ಖಾಲಿ ಜಾಗವನ್ನು ಆಟಗಾರನೇ ತುಂಬಲಿ ಎಂಬುದು ಅದರ ಆಶಯ. ಇಲ್ಲಿ ಅದು ಅರ್ಧ ಮಾತ್ರ ಫಲಿಸಿದೆ. ಅವನು ಸಾಯುವವರೆಗೆ ಅವನನ್ನು ತಂಡದಿಂದ ಬಿಡಲು ಆಟ ಒಪ್ಪುವುದಿಲ್ಲ, ಆದ್ದರಿಂದ ಮೂರು ಜಾಗಗಳಲ್ಲಿ ಒಂದು ಸದಾ ಮೌನಕ್ಕೇ ಮೀಸಲು. ಮಾತು ಬಲ್ಲ ಉಳಿದವರು ಆ ಎರಡು ಜಾಗಗಳಿಗೆ ಪೈಪೋಟಿ ನಡೆಸಬೇಕು. ಅವನು ಸತ್ತ ಮೇಲೆ ಮಾರ್ಲ್, ಲೂಕಾ, ಕಪ್ಪೆರೂಪದ ಯೋಧ ಫ್ರಾಗ್ ತಮ್ಮ ತಮ್ಮ ನಷ್ಟವನ್ನು ಹೇಳಿಕೊಳ್ಳುವಾಗಲೇ ಕಥೆ ಹೆಚ್ಚು ಮಾನವೀಯವಾಗುತ್ತದೆ. ಪರಿಚಯವೇ ಇಲ್ಲದವನ ಸಾವು ಇಷ್ಟು ಕಾಡುವುದಾದರೆ ಅದರ ಶ್ರೇಯ ಅಳುವವರಿಗೆ ಸಲ್ಲಬೇಕು. ನಿಜ ಹೇಳಬೇಕೆಂದರೆ ಡೈನೋಸಾರ್‌ಗಳ ಯುಗದ ಐಲಾಳಂಥ ಪಾತ್ರದ ಬಗ್ಗೆ ನನಗೆ ಹೆಚ್ಚು ದೂರಿದೆ; ಮಾತು ಇದ್ದರೂ ತನ್ನ ಯುಗದಾಚೆಗೆ ಅವಳಿಗೆ ಹೇಳಲು ಹೆಚ್ಚೇನೂ ಇಲ್ಲ.

ಪ್ರಶ್ನೆ: ಒಮ್ಮೆ ಮುಗಿಸಿದೆ. ಮುಕ್ತಾಯಗಳು ಹತ್ತಕ್ಕೂ ಹೆಚ್ಚು ಇವೆಯಂತೆ. ಮತ್ತೆ ಆಡುವುದು ಲಾಭವೇ? ಮತ್ತು ಕಡಲ ತೀರದ ಬಂಡೆಯ ಮೇಲೆ ಮೇಗಸ್ ಸಿಕ್ಕಾಗ ಅವನೊಡನೆ ಹೋರಾಡಬೇಕೇ, ಅವನನ್ನು ಸೇರಿಸಿಕೊಳ್ಳಬೇಕೇ?

ಉತ್ತರ: ‘ನ್ಯೂ ಗೇಮ್ ಪ್ಲಸ್’ನಲ್ಲಿ ಹಿಂದಿನ ಬಾರಿಯ ಬಲ, ವಿದ್ಯೆ ಮತ್ತು ಬಹುತೇಕ ಸಾಮಗ್ರಿಗಳೊಂದಿಗೆ ಮೊದಲಿನಿಂದ ಶುರುಮಾಡಿ, ಕಥೆಯ ಬೇರೆ ಬೇರೆ ಹಂತಗಳಲ್ಲಿ ನೇರವಾಗಿ ಲಾವೋಸ್‌ನ ಬಳಿಗೆ ಹೋಗಬಹುದು, ಯಾವ ಹಂತದಲ್ಲಿ ಗೆಲ್ಲುತ್ತೀರೋ ಅದಕ್ಕೆ ತಕ್ಕ ಮುಕ್ತಾಯ ಸಿಗುತ್ತದೆ. ಇದರಲ್ಲಿ ಕೆಲವು ತಮಾಷೆಯ ತುಣುಕುಗಳು. ಒಂದರಲ್ಲಂತೂ ಆಟ ತಯಾರಿಸಿದವರೇ ಎದುರಿಗೆ ಬಂದು ಮಾತನಾಡಿಸುತ್ತಾರೆ. ಎಲ್ಲವನ್ನೂ ನೋಡಲೇಬೇಕೆಂಬ ಹಟ ಬೇಡ, ಇಷ್ಟವಾದ ಮೂರ್ನಾಲ್ಕು ಸಾಕು. ಆದರೆ ಎರಡನೆಯ ಸಲ ಆಡುವುದಕ್ಕೆ ಬೇರೊಂದು ಕಾರಣವಿದೆ: ಝೀಲ್‌ನ ಕಥೆ ಗೊತ್ತಿದ್ದು 600ರ ಮೇಗಸ್‌ನ ಕೋಟೆಗೆ ಕಾಲಿಟ್ಟರೆ ಅವನ ಮಾತುಗಳೆಲ್ಲ ಬೇರೆಯಾಗಿ ಕೇಳಿಸುತ್ತವೆ.

ಎರಡನೆಯ ಪ್ರಶ್ನೆಗೆ, ಮೊದಲ ಸಲ ಸೇರಿಸಿಕೊಳ್ಳಿ. ಅವನಿಗೆ ಜೋಡಿ ವಿದ್ಯೆಗಳು ಒಂದೂ ಇಲ್ಲದಿರುವುದರಿಂದ ತಂಡದಲ್ಲಿ ಅವನು ಒಂಟಿಯಾಗಿಯೇ ಇರುತ್ತಾನೆ, ಇಷ್ಟು ಬಲಶಾಲಿಯಾದ ಪಾತ್ರವನ್ನು ಹೀಗೆ ಬಿಟ್ಟದ್ದು ಸೋಮಾರಿತನವೆಂದು ಕೆಲವರು ದೂರುತ್ತಾರೆ. ಅವನ ಸ್ವಭಾವಕ್ಕೆ ಅದೇ ತಕ್ಕದ್ದೆಂದು ನನ್ನ ಅನಿಸಿಕೆ. ಎರಡನೆಯ ಸಲ ಹೋರಾಡಿ, ಅದೂ ಫ್ರಾಗ್‌ನೊಂದಿಗೆ. ತನ್ನ ಗೆಳೆಯನನ್ನು ಕೊಂದು ತನ್ನನ್ನು ಕಪ್ಪೆಯಾಗಿಸಿದವನ ಎದುರು ಅವನು ಒಬ್ಬನೇ ನಿಲ್ಲಲು ಆಟ ಅವಕಾಶ ಕೊಡುತ್ತದೆ, ಮತ್ತು ಮೇಗಸ್ ಸತ್ತರೆ ಮುಕ್ತಾಯದಲ್ಲಿ ಫ್ರಾಗ್ ಮನುಷ್ಯರೂಪದಲ್ಲಿ ಕಾಣಿಸಿಕೊಳ್ಳುತ್ತಾನೆ. ನಿರ್ಧರಿಸುವ ಮೊದಲು ಬೇರೆ ಜಾಗದಲ್ಲಿ ಸೇವ್ ಮಾಡಿಟ್ಟುಕೊಳ್ಳುವುದನ್ನು ಮರೆಯಬೇಡಿ.